ಸ್ಕೈಪ್ ಕರೆ ಕಟ್ಟಾಗಿದ್ದು ಎಲ್ಲಿ?

2025ರ ಮೇ 5ರಂದು ಸ್ಕೈಪ್ ಬಾಗಿಲು ಹಾಕಿತು. ಸುದ್ದಿ ಕೇಳಿದ ಎಷ್ಟೋ ಜನ ಅಂದಿದ್ದು ಒಂದೇ ಮಾತು: 'ಓ, ಅದು ಇನ್ನೂ ಇತ್ತಾ?' ಒಂದು ಕಂಪನಿಗೆ ಇದಕ್ಕಿಂತ ದೊಡ್ಡ ಸೋಲು ಬೇಕಾ ಹೇಳಿ?

ಹಿಂದೆ ಹೇಗಿತ್ತು, ನೆನಪು ಮಾಡಿಕೊಳ್ಳಿ. ಮಗ ಅಮೆರಿಕದಲ್ಲಿ, ಅಪ್ಪ-ಅಮ್ಮ ಮೈಸೂರಲ್ಲೋ ಶಿವಮೊಗ್ಗದಲ್ಲೋ. ಐಎಸ್‌ಡಿ ಕರೆ ಅಂದ್ರೆ ಮಾತಿಗಿಂತ ಬಿಲ್ಲಿನ ಚಿಂತೆಯೇ ಜಾಸ್ತಿ. 2003ರಲ್ಲಿ ಸ್ವೀಡನ್ನಿನ ನಿಕ್ಲಾಸ್ ಸೆನ್‌ಸ್ಟ್ರೋಮ್, ಡೆನ್ಮಾರ್ಕಿನ ಯಾನುಸ್ ಫ್ರೀಸ್ ಮತ್ತು ಎಸ್ಟೋನಿಯಾದ ಪ್ರೋಗ್ರಾಮರ್‌ಗಳು ಸೇರಿ ಇದಕ್ಕೆ ಮದ್ದು ಕಂಡುಹಿಡಿದರು. ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಮಾತಾಡಿ, ಪುಕ್ಕಟೆ!

ಪುಕ್ಕಟೆ ಕೊಡೋದು ಹೇಗೆ ಸಾಧ್ಯವಾಯ್ತು? ಇವರು ಟೆಲಿಫೋನ್ ಕಂಪನಿಗಳ ಹಾಗೆ ಎಕ್ಸ್‌ಚೇಂಜ್ ಕಟ್ಟಲಿಲ್ಲ. ಬಳಸುವವರ ಕಂಪ್ಯೂಟರುಗಳನ್ನೇ ಒಂದಕ್ಕೊಂದು ಹೆಣೆದರು. ಒಳ್ಳೆಯ ಇಂಟರ್‌ನೆಟ್ ಇದ್ದವರ ಕಂಪ್ಯೂಟರು, ಅವರಿಗೇ ಗೊತ್ತಿಲ್ಲದಂತೆ, ಬೇರೆಯವರ ಕರೆಗಳಿಗೆ ದಾರಿ ಮಾಡಿಕೊಡ್ತಿತ್ತು. ಒಂಥರಾ ಮುಯ್ಯಾಳು ಪದ್ಧತಿ. ಕಂಪನಿಗೆ ಖರ್ಚು ಕಡಿಮೆ.

2005ರಲ್ಲಿ ಇಬೇ ಕಂಪನಿ 260 ಕೋಟಿ ಡಾಲರಿಗೆ ಸ್ಕೈಪನ್ನು ಕೊಂಡಿತು. ವಸ್ತು ಹರಾಜು ಹಾಕುವ ತಾಣಕ್ಕೆ ಫೋನ್ ಕರೆ ಯಾಕೆ ಬೇಕಿತ್ತೋ! ಎರಡೇ ವರ್ಷಕ್ಕೆ ಸುಮಾರು 140 ಕೋಟಿ ಡಾಲರ್ ಹೊರೆಯನ್ನು ಲೆಕ್ಕದಲ್ಲಿ ತೋರಿಸಬೇಕಾಯ್ತು. ಇನ್ನೂ ತಮಾಷೆ ನೋಡಿ: ಸ್ಕೈಪಿನ ಜೀವಾಳವಾದ ತಂತ್ರಜ್ಞಾನದ ಹಕ್ಕು ಸ್ಥಾಪಕರ ಇನ್ನೊಂದು ಕಂಪನಿಯಲ್ಲೇ ಉಳಿದಿತ್ತು. ಮನೆ ಕೊಂಡವರಿಗೆ ಬಾವಿ ಸಿಗದ ಹಾಗೆ. ಅದು ಕೋರ್ಟಿಗೂ ಹೋಗಿ, ಆಮೇಲೆ ರಾಜಿಯಾಯ್ತು. 2011ರಲ್ಲಿ ಮೈಕ್ರೋಸಾಫ್ಟ್ 850 ಕೋಟಿ ಡಾಲರ್ ಕೊಟ್ಟು ಸ್ಕೈಪನ್ನು ಕೊಂಡಿತು.

ದುಡ್ಡಿಗೆ ಬರ ಇರಲಿಲ್ಲ. ಮತ್ತೆ ಎಡವಿದ್ದೆಲ್ಲಿ? ಅಷ್ಟರಲ್ಲಿ ಜನ ಕಂಪ್ಯೂಟರ್ ಬಿಟ್ಟು ಮೊಬೈಲಿಗೆ ಬಂದಿದ್ದರು. ಪಕ್ಕದವರ ಕರೆಯನ್ನೂ ಹೊತ್ತರೆ ಮೊಬೈಲಿನ ಬ್ಯಾಟರಿ ಉಳಿಯುತ್ತಾ? ಸ್ಕೈಪನ್ನು ಬೆಳೆಸಿದ ಮುಯ್ಯಾಳು ಪದ್ಧತಿಯೇ ಈಗ ಹೊರೆಯಾಯ್ತು. ಇಡೀ ವ್ಯವಸ್ಥೆಯನ್ನು ಕಂಪನಿಯ ಸರ್ವರ್‌ಗಳಿಗೆ ಸಾಗಿಸಬೇಕಾಯ್ತು. ಆ ಹೊತ್ತಿಗೆ ವಾಟ್ಸಾಪ್ ಮನೆಮನೆಗೆ ಬಂತು. ಅದಕ್ಕೆ ಬೇರೆ ಹೆಸರು, ಪಾಸ್‌ವರ್ಡ್ ಬೇಡ, ಫೋನ್ ನಂಬರ್ ಸಾಕು. 2015ರಲ್ಲಿ ಅದರಲ್ಲೇ ಕರೆಯೂ ಶುರುವಾಯ್ತು.

ಮೈಕ್ರೋಸಾಫ್ಟಿನ ಗಮನವೋ ಆಫೀಸುಗಳ ಮೇಲೆ. 2017ರಲ್ಲಿ ಟೀಮ್ಸ್ ತಂದಿತು, ಸ್ಕೈಪ್ ಮಲಮಗುವಾಯ್ತು. 2020ರ ಲಾಕ್‌ಡೌನ್‌ನಲ್ಲಿ ಜಗತ್ತೇ ವಿಡಿಯೋ ಕರೆಗೆ ಮುಗಿಬಿತ್ತು. ಸ್ಕೈಪಿಗೆ ಅದಕ್ಕಿಂತ ಒಳ್ಳೆಯ ಮುಹೂರ್ತ ಬೇಕಿತ್ತಾ? ಜನ ಹೋಗಿದ್ದು ಮಾತ್ರ ಜೂಮ್‌ಗೆ.

ನನ್ನ ಲೆಕ್ಕ ಇಷ್ಟೇ. ಮಾಲೀಕರು ಬದಲಾದಾಗಲೆಲ್ಲ 'ಇದರಿಂದ ನಮ್ಮ ಬೇರೆ ವ್ಯಾಪಾರಕ್ಕೆ ಏನು ಲಾಭ?' ಅಂತ ಕೇಳಿದರು. ಶಿವಮೊಗ್ಗದ ಅಮ್ಮನಿಗೆ ಮಗನ ಮುಖ ಸುಲಭವಾಗಿ ಕಾಣ್ತಿದೆಯಾ ಅಂತ ಕೇಳಿದವರು ಕಡಿಮೆ. ಆ ಅಮ್ಮ ಜಗಳ ಆಡಲಿಲ್ಲ, ದೂರು ಕೊಡಲಿಲ್ಲ. ಸುಮ್ಮನೆ ಬೇರೆ ಆ್ಯಪ್ ಒತ್ತಿದರು.