ಚಿನ್ನ ಹುಡುಕೋಕೆ ಹೋದವನಿಗೆ ಅಶೋಕ ಸಿಕ್ಕ

ಸಿಂಧನೂರಿಂದ ಲಿಂಗಸುಗೂರಿಗೆ ಬಸ್ಸಿನಲ್ಲಿ ಹೊರಟೀರಿ ಅಂದ್ಕೊಳ್ರಿ. ಕಿವಿಯಲ್ಲಿ ಇಯರ್‌ಫೋನ್. ಕಿಟಕಿಯಾಚೆ ರೈಸ್ ಮಿಲ್ಲು, ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಗದ್ದೆ. ನಡುವೆ ಮಸ್ಕಿ ಬರುತ್ತೆ. ಚಾ ಕುಡೀತೀರಿ, ಮತ್ತೆ ಬಸ್ ಹತ್ತತೀರಿ. "ಇಲ್ಲಿ ನೋಡೋದು ಏನದ?" ಅಂತ ಯಾರಾದ್ರೂ ಕೇಳಿದ್ರೆ ನಾನೂ ಬಹಳ ದಿನ "ಏನಿಲ್ಲ, ಹಂಪಿಗೆ ಹೋಗ್ರಿ" ಅಂತಿದ್ದೆ. ಅದು ತಪ್ಪು.

1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಇದೇ ಮಸ್ಕಿಯ ಗುಡ್ಡದಲ್ಲಿ ತಿರುಗಾಡ್ತಿದ್ದ. ಆಗ ಇದು ಹೈದರಾಬಾದ್ ನಿಜಾಮರ ಸೀಮೆ. ಅವನು ಹುಡುಕ್ತಿದ್ದದ್ದು ಚಿನ್ನ. ಸಿಕ್ಕಿದ್ದು ಬಂಡೆ ಮೇಲೆ ಕೊರೆದ ಬ್ರಾಹ್ಮಿ ಅಕ್ಷರ.

ಅದ್ಯಾಕೆ ದೊಡ್ಡ ಸುದ್ದಿ? ಬ್ರಾಹ್ಮಿ ಲಿಪಿಯನ್ನು ಜೇಮ್ಸ್ ಪ್ರಿನ್ಸೆಪ್ 1837ರ ಹೊತ್ತಿಗೇ ಓದಿದ್ದ. ಆದರೆ ಅಲ್ಲೀತನಕ ಸಿಕ್ಕ ಶಾಸನಗಳಲ್ಲಿ ರಾಜ ತನ್ನನ್ನು 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಅಂತ ಬಿರುದಿನಿಂದಷ್ಟೇ ಕರ್ಕೊಂಡಿದ್ದ. ಅವನೇ ಅಶೋಕ ಅಂತ ವಿದ್ವಾಂಸರು ಶ್ರೀಲಂಕಾದ ಹಳೆಯ ಗ್ರಂಥಗಳ ಆಧಾರದ ಮೇಲೆ ಹೇಳ್ತಿದ್ರು. ಮಸ್ಕಿಯ ಬಂಡೆ ಮೊದಲ ಸಲ 'ಅಶೋಕ' ಅನ್ನೋ ಹೆಸರನ್ನೇ ತೋರಿಸ್ತು. ಮುಂದೆ ಮಧ್ಯಪ್ರದೇಶದ ಗುಜರ್ರಾ, ನಮ್ಮ ಬಳ್ಳಾರಿ ಸೀಮೆಯ ನಿಟ್ಟೂರು, ಉದೇಗೋಳದಲ್ಲೂ ಆ ಹೆಸರು ಸಿಕ್ತು.

ಪಾಟಲಿಪುತ್ರದ ರಾಜ ಇಷ್ಟು ದೂರ ಯಾಕೆ ಬರೆಸಿದ? ಬಿ.ಕಾಂ. ಓದಿದ ನನಗೆ ಮೊದಲು ಕಾಣೋದು ವ್ಯಾಪಾರ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಗೆ ಹೋಗ್ರಿ. 2001ರಲ್ಲಿ ಕೋಲಾರದ ಗಣಿ ಮುಚ್ಚಿದ ಮೇಲೂ ಚಿನ್ನ ತೆಗೀತಿರೋ ಊರು ಅದು. ಅಲ್ಲಿ ಸುಮಾರು 2000 ವರ್ಷ ಹಳೆಯ ಗಣಿಗಾರಿಕೆಯ ಗುರುತು ಸಿಕ್ಕಿದೆ. ಬಂಡೆಗೆ ಬೆಂಕಿ ಹಚ್ಚಿ ಬಿರುಕು ಬಿಡಿಸಿ, 600 ಅಡಿಗೂ ಆಳಕ್ಕೆ ಇಳಿದಿದ್ದರು. ಹಗ್ಗ, ದೀಪ, ಕೈ ನಂಬಿ! ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಶಾಸನದಲ್ಲಿ, ಆಜ್ಞೆ ಹೊರಟದ್ದು 'ಸುವರ್ಣಗಿರಿ'ಯಿಂದ ಅಂತ ಇದೆ. ಚಿನ್ನದ ಬೆಟ್ಟ ಅಂತ ಅರ್ಥ. ಅದು ಮಸ್ಕಿಯೇ ಅಂತ ಕೆಲವರು, ಕನಕಗಿರಿ ಅಂತ ಕೆಲವರು. ವಾದ ಇನ್ನೂ ಮುಗಿದಿಲ್ಲ. ಆದರೆ ಮೌರ್ಯರನ್ನು ಈ ಸೀಮೆಗೆ ಎಳೆದ ಕಾರಣಗಳಲ್ಲಿ ಚಿನ್ನವೂ ಒಂದು ಅನ್ನೋದು ಹಲವು ಇತಿಹಾಸಕಾರರ ಮಾತು.

ಅಂದ್ರೆ ನಮ್ಮಲ್ಲಿ ಗಣಿ ಬೇರೆ, ಇತಿಹಾಸ ಬೇರೆ ಅಲ್ಲ. ಹಟ್ಟಿಯಲ್ಲಿ ಪಾಳಿಗೆ ಇಳಿಯೋ ಕಾರ್ಮಿಕ ಎರಡು ಸಾವಿರ ವರ್ಷದ ಕೆಲಸವನ್ನೇ ಮುಂದುವರಿಸ್ತಿದಾನ.

ಇನ್ನೊಂದು ಮಾತು. ಆ ಬಂಡೆ ಏನು ಹೇಳುತ್ತೆ ಗೊತ್ತಾ? ಒಳ್ಳೆಯ ಗತಿ ದೊಡ್ಡವರಿಗೆ ಮಾತ್ರ ಅಂತ ತಿಳೀಬೇಡಿ, ಧರ್ಮದಿಂದ ನಡೆದರೆ ಸಣ್ಣವರಿಗೂ ಸಿಗುತ್ತೆ ಅನ್ನೋದು ಅದರ ಸಾರ. "ಏನಿಲ್ಲ" ಅಂತ ನಾವೇ ಸಣ್ಣದು ಮಾಡಿದ ಊರಲ್ಲಿ ಈ ಮಾತು ಕಲ್ಲಿನ ಮೇಲೆ ಕೂತದ.

ಮುಂದಿನ ಸಲ ಮಸ್ಕಿಯಲ್ಲಿ ಚಾ ಕುಡಿದು ಹಂಗೇ ಬಸ್ ಹತ್ತಬೇಡ್ರಿ. ಗುಡ್ಡಕ್ಕೆ ಹೋಗಿ ಬರ್ರಿ. ಕಲ್ಲಿನ ಮೇಲೆ ನಿಮ್ಮ ಹೆಸರು ಮಾತ್ರ ಕೆತ್ತಬೇಡ್ರಿ, ಅಲ್ಲಿ ಒಂದು ಹೆಸರು ಸಾಕು.