‘ಟಕ್’ ಅಂದ ಮೇಲೆ ಒಂದು ಹನಿಯೂ ಬೇಡ



ಈ ಸಲದ ಪಾಠ ನನ್ನದೇ ಒಂದು ತಪ್ಪಿನಿಂದ ಶುರುವಾಗುತ್ತದೆ.

ಕಳೆದ ಏಪ್ರಿಲ್ ತಿಂಗಳ ಮಾತು. ನಮ್ಮ ಅಕ್ಕಲಕೋಟ ಕಡೆಯ ಬಿಸಿಲು ನಿಮಗೆ ಗೊತ್ತೇ ಇದೆ. ಬೆಳಿಗ್ಗೆ ಶಾಲೆಗೆ ಬರುವಾಗ ಪೆಟ್ರೋಲ್ ಪಂಪಿನಲ್ಲಿ ಸ್ಕೂಟರ್ ನಿಲ್ಲಿಸಿ “ಟಾಕಿ ಫುಲ್ ಮಾಡ್ರಿ” ಅಂದೆ. ಸ್ವಲ್ಪ ಹೊತ್ತಿಗೆ ಪೈಪಿನ ಮೂತಿ ‘ಟಕ್’ ಅಂದು ತಾನೇ ನಿಂತಿತು. ಮೀಟರ್ 482 ರೂಪಾಯಿ ತೋರಿಸುತ್ತಿತ್ತು. “ಐನೂರು ರೌಂಡ್ ಮಾಡ್ರಿ” ಅಂದೆ. ಪೆಟ್ರೋಲ್ ಕಂಠದ ತನಕ ಬಂತು. ಚಿಲ್ಲರೆ ಕಾಟ ತಪ್ಪಿತು ಅಂತ ಖುಷಿಯಾಗಿ ಹೊರಟೆ.

ಶಾಲೆಯಲ್ಲಿ ಸ್ಕೂಟರನ್ನು ಬಿಸಿಲಿಗೇ, ಸೈಡ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ್ದೆ. ಹನ್ನೊಂದರ ಹೊತ್ತಿಗೆ ಎಂಟನೆಯ ಇಯತ್ತೆಯ ಹುಡುಗಿಯೊಬ್ಬಳು ಓಡಿ ಬಂದಳು: “ಸರ್, ನಿಮ್ಮ ಗಾಡಿ ಕೆಳಗ ಹಸಿ ಆಗೇದ್ರಿ. ಪೆಟ್ರೋಲ್ ವಾಸನಿ ಬರ್ಲಿಕ್ಕತ್ತದ್ರಿ!” ಹೋಗಿ ನೋಡಿದರೆ ಮುಚ್ಚಳದ ಸಂದಿಯಿಂದ ಹನಿ ಇಳಿಯುತ್ತಿತ್ತು. ಅಲ್ಲಿಂದ ಹತ್ತು ಹೆಜ್ಜೆಗೆ ಖಿಚಡಿ ಬೇಯಿಸುವ ಕೋಣೆ. ಒಳಗೆ ಮಾವಶಿಯವರ ಒಲೆ ಉರಿಯುತ್ತಿತ್ತು!

ಒಲೆ ಆರಿಸಲು ಕೂಗಿ ಹೇಳಿದೆ. ಮಕ್ಕಳನ್ನು ದೂರ ಕಳಿಸಿ, ಎಂಜಿನ್ ಶುರು ಮಾಡದೆ ಸ್ಕೂಟರನ್ನು ಕೈಯಿಂದಲೇ ತಳ್ಳಿಕೊಂಡು ಬಯಲಿಗೆ ಒಯ್ದೆ. ಹಸಿಯಾದ ಕಡೆ ಮರಳು ಹಾಕಿಸಿದೆ. ಏನೂ ಆಗಲಿಲ್ಲ. ಆದರೆ ಆಗಬಹುದಿತ್ತು.

ತುಂಬಿದ್ದು ಉಕ್ಕಿದ್ದು ಯಾಕೆ?

ಕಾಯಿಸಿದರೆ ದ್ರವ ಹಿಗ್ಗುತ್ತದೆ ಅಂತ ಓದಿದ್ದೀರಿ. ಒಂದು ಲೀಟರ್ ಪೆಟ್ರೋಲ್ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 0.95 ಮಿ.ಲೀ. ಹಿಗ್ಗುತ್ತದೆ. ಪಂಪಿನ ಟಾಕಿ ನೆಲದೊಳಗೆ ಇರುವುದರಿಂದ ಅಲ್ಲಿಯ ಪೆಟ್ರೋಲ್ ತಂಪಾಗಿರುತ್ತದೆ. ಅದು 28 ಡಿಗ್ರಿ ಇತ್ತು, ಬಿಸಿಲಿಗೂ ಎಂಜಿನ್ ಕಾವಿಗೂ 48 ಆಯಿತು ಅಂತ ಇಟ್ಟುಕೊಳ್ಳಿ. ಆಗ 5 ಲೀಟರಿಗೆ 5 × 0.95 × 20 = 95 ಮಿ.ಲೀ. ಹೆಚ್ಚುವರಿ! ಹೆಚ್ಚುಕಡಿಮೆ ಒಂದು ಸಣ್ಣ ಗ್ಲಾಸ್ ಚಹಾದಷ್ಟು. ಟಾಕಿಯಲ್ಲಿ ಖಾಲಿ ಜಾಗ ಇಲ್ಲದಿದ್ದರೆ ಅದು ಹೊರಗೇ ಬರಬೇಕಲ್ಲ?

ಹೊಸ ಗಾಡಿಗಳಲ್ಲಿ ಪೆಟ್ರೋಲ್ ಆವಿಯನ್ನು ಹಿಡಿದಿಡುವ ಇದ್ದಿಲಿನ ಡಬ್ಬಿಯೊಂದು ಇರುತ್ತದೆ. ಕಂಠಪೂರ್ತಿ ತುಂಬಿದರೆ ಆವಿಯ ಬದಲು ಪೆಟ್ರೋಲೇ ಅದರೊಳಗೆ ನುಗ್ಗಿ ಡಬ್ಬಿ ಕೆಡಬಹುದು.

ಉರಿಯುವುದು ದ್ರವವಲ್ಲ, ಆವಿ

ಪೆಟ್ರೋಲ್ ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಗಾಳಿಯಲ್ಲಿ ಆ ಆವಿ ಸುಮಾರು 1.4ರಿಂದ 7.6 ಶೇಕಡಾ ಇದ್ದರೆ ಒಂದು ಕಿಡಿ ಸಾಕು. ಅದು ಗಾಳಿಗಿಂತ ಮೂರು-ನಾಲ್ಕು ಪಟ್ಟು ಭಾರ. ಮೇಲೆ ಹೋಗದೆ ನೀರಿನ ಹಾಗೆ ನೆಲ ಹಿಡಿದು ತಗ್ಗಿನ ಕಡೆ ಹರಿಯುತ್ತದೆ. ಒಲೆ ದೂರ ಇದೆ ಅಂತ ನಾವು ಸುಮ್ಮನಿದ್ದರೂ ಆವಿ ಸುಮ್ಮನಿರುವುದಿಲ್ಲ. ಹತ್ತು ಹೆಜ್ಜೆ ನೋಡಿ ನಾನು ಹೆದರಿದ್ದು ಇದಕ್ಕೇ.

ಹೊತ್ತಿದ ಪೆಟ್ರೋಲಿಗೆ ನೀರು ಸುರಿಯಬಾರದು. ಪೆಟ್ರೋಲ್ ನೀರಿಗಿಂತ ಹಗುರ, ಹಾಗಾಗಿ ನೀರಿನ ಮೇಲೆ ತೇಲಿ ಬೆಂಕಿಯನ್ನು ಹರಡುತ್ತದೆ. ಮರಳೇ ಸರಿ.

‘ಟಕ್’ ಅನ್ನುವವರು ಯಾರು?

ಪೈಪಿನ ಮೂತಿಯ ತುದಿಯಲ್ಲಿ ಒಂದು ಸಣ್ಣ ತೂತು ಇರುತ್ತದೆ. ಪೆಟ್ರೋಲ್ ರಭಸದಿಂದ ಹರಿಯುವಾಗ ಒಳಗೆ ಒತ್ತಡ ಕಡಿಮೆಯಾಗಿ ಆ ತೂತಿನಿಂದ ಗಾಳಿ ಒಳಗೆ ಬರುತ್ತಾ ಇರುತ್ತದೆ. ಪೆಟ್ರೋಲ್ ಮಟ್ಟ ಏರಿ ತೂತು ಮುಚ್ಚಿತೋ, ಗಾಳಿಯ ದಾರಿ ಬಂದ್. ಒಳಗಿನ ಒತ್ತಡ ಇನ್ನೂ ಇಳಿದು ತೆಳು ಪೊರೆಯೊಂದು ಎಳೆಯಲ್ಪಡುತ್ತದೆ, ಕೊಂಡಿ ಕಳಚುತ್ತದೆ, ಹರಿವು ನಿಲ್ಲುತ್ತದೆ. ಇದಕ್ಕೆ ಕರೆಂಟೂ ಬೇಡ, ಕಂಪ್ಯೂಟರೂ ಬೇಡ! ಆದರೆ ಸ್ಕೂಟರ್ ಟಾಕಿ ಸಣ್ಣದು, ಮೂತಿ ಆಳಕ್ಕೆ ಹೋಗುವುದಿಲ್ಲ. ಆದ್ದರಿಂದ ಕಣ್ಣೂ ಅಲ್ಲೇ ಇರಬೇಕು.

ಮನೆಯವರಿಗೆ ಹೇಳಿ

1. ಎಂಜಿನ್ ಬಂದ್ ಮಾಡಿ, ಹಿಂದೆ ಕೂತ ನೀವೂ ಇಳಿದು ದೂರ ನಿಲ್ಲಿ.
2. ಸ್ಕೂಟರ್ ನಡುವಿನ ಸ್ಟ್ಯಾಂಡಿನ ಮೇಲೆ ನೆಟ್ಟಗೆ ನಿಂತಿರಲಿ.
3. ಕೊನೆಗೆ ನಿಧಾನ ಹಾಕಲು ಹೇಳಿ. ‘ಟಕ್’ ಅಂದರೆ ಮುಗಿಯಿತು, ರೌಂಡ್ ಬೇಡ.
4. ಮೂತಿ ಹೊರಗೆ ತೆಗೆಯುವ ಮುನ್ನ ಹನಿ ಇಳಿದು ಹೋಗಲಿ. ಮುಚ್ಚಳ ಬಿಗಿಯಾಗಿ ಹಾಕಿ.
5. ಚೆಲ್ಲಿದರೆ ಒರೆಸಿ, ವಾಸನೆ ಹೋಗುವ ತನಕ ಎಂಜಿನ್ ಶುರು ಮಾಡಬೇಡಿ. ಕೈಗೆ ತಾಗಿದ್ದರೆ ಸಾಬೂನು ಹಚ್ಚಿ ತೊಳೆಯಿರಿ.
6. ಯಾರೇ ಹೇಳಿದರೂ ನೀರಿನ ಪ್ಲಾಸ್ಟಿಕ್ ಬಾಟಲಿಯಲ್ಲಿ ಪೆಟ್ರೋಲ್ ತರಲು ಹೋಗಬೇಡಿ.

ಮಾಡಿ ನೋಡಿ

ಪೆಟ್ರೋಲ್ ಮುಟ್ಟದೆ ಮಾಡುವ ಪ್ರಯೋಗ ಇದು. ಎರಡು ಕಾಗದದ ಪಟ್ಟಿಗಳನ್ನು ಎರಡು ಬೆರಳಿನಷ್ಟು ಅಂತರದಲ್ಲಿ ಇಳಿಬಿಟ್ಟು ಹಿಡಿದು ನಡುವೆ ಜೋರಾಗಿ ಊದಿ. ಅವು ದೂರ ಹೋಗುತ್ತವೋ, ಹತ್ತಿರ ಬರುತ್ತವೋ? ಪೈಪಿನ ಮೂತಿಯ ಗುಟ್ಟಿಗೂ ಇದಕ್ಕೂ ಏನು ಸಂಬಂಧ?

ಇನ್ನೊಂದು ಲೆಕ್ಕ: 10 ಲೀಟರ್ ಪೆಟ್ರೋಲ್ ಇರುವ ಮೋಟಾರ್ ಸೈಕಲ್ಲಿನ ಟಾಕಿ 15 ಡಿಗ್ರಿ ಬಿಸಿಯಾದರೆ ಪೆಟ್ರೋಲ್ ಎಷ್ಟು ಹಿಗ್ಗುತ್ತದೆ? ಉತ್ತರವನ್ನು ನಿಮ್ಮ ವಿಜ್ಞಾನ ಶಿಕ್ಷಕರಿಗೆ ತೋರಿಸಿ.

ಅಂದಹಾಗೆ, ಆ ದಿನ ವಾಸನೆ ಹಿಡಿದು ಓಡಿ ಬಂದ ಹುಡುಗಿಯೇ ನಮ್ಮ ಶಾಲೆಯ ನಿಜವಾದ ವಿಜ್ಞಾನಿ. ನಾನು ಈಗಲೂ ಅದೇ ಪಂಪಿಗೆ ಹೋಗುತ್ತೇನೆ. 482 ಅಂದರೆ 482 ಕೊಟ್ಟು ಬರುತ್ತೇನೆ.