ತಲೆಸುತ್ತು ನಿಂತಿತೆಂದು ಮಾತ್ರೆ ನಿಲ್ಲಿಸಬೇಡಿ



ಮುಲುಂಡ್ ಸ್ಟೇಷನ್ನಿನ ಬ್ರಿಡ್ಜ್ ಹತ್ತುವಾಗ ಎದೆಯೊಳಗೆ ಹಕ್ಕಿ ರೆಕ್ಕೆ ಬಡಿದಂತಾಗಿ, ಕಣ್ಣು ಕತ್ತಲೆ ಬಂದು, ಕಂಬಿ ಹಿಡಿದು ನಿಂತದ್ದುಂಟೇ? "ಗ್ಯಾಸ್ ಇರಬೇಕು" ಎಂದು ಸೋಡಾ ಕುಡಿದು ಮುಂದೆ ಹೋದಿರಾ? ಹಾಗಾದರೆ ಐದು ನಿಮಿಷ ಬಿಡುವು ಮಾಡಿಕೊಂಡು ಇದನ್ನು ಓದಿ.

ಹೋಟೆಲ್ ನಡೆಸುವ ಹಿರಿಯರೊಬ್ಬರು ಇದೇ ತೊಂದರೆ ಹೇಳಿಕೊಂಡು ನನ್ನ ಬಳಿ ಬಂದಿದ್ದರು. ಉಡುಪಿ ಕಡೆಯವರು. ಇಸಿಜಿ ತೆಗೆದಾಗ ಏಟ್ರಿಯಲ್ ಫಿಬ್ರಿಲೇಶನ್ ಎಂದು ಗೊತ್ತಾಯಿತು. ಎರಡು ಮಾತ್ರೆ ಕೊಟ್ಟೆ. ಬಡಿತದ ವೇಗ ಇಳಿಸಲು ಒಂದು, ರಕ್ತ ಹೆಪ್ಪುಗಟ್ಟದಂತೆ ಇನ್ನೊಂದು. ಎರಡು ತಿಂಗಳಲ್ಲಿ ತಲೆಸುತ್ತು ಹೋಯಿತು. ಮನೆಯ ಮದುವೆಗೆಂದು ಊರಿಗೆ ಹೋದರು, ಮಾತ್ರೆಯ ಡಬ್ಬ ಮುಲುಂಡಿನಲ್ಲೇ ಉಳಿಯಿತು. ಮೂರು ವಾರ ಕಳೆದು ಬಂದು, "ಈಗ ಏನೂ ಇಲ್ಲವಲ್ಲ ಡಾಕ್ಟ್ರೇ, ಹಾಗೆ ಬಿಟ್ಟೆ" ಎಂದರು. ಅವರಿಗೇನೂ ಆಗಲಿಲ್ಲ, ದೇವರು ದೊಡ್ಡವನು. ಆದರೂ ಅವರಿಗೆ ಸ್ವಲ್ಪ ಬೈದೆ. ನಿಮಗೆ ಬೈಯುವ ಬದಲು ವಿವರಿಸುತ್ತೇನೆ.

ಹೃದಯಕ್ಕೆ ಮೇಲೆ ಎರಡು, ಕೆಳಗೆ ಎರಡು ಕೋಣೆ. ಈ ಕಾಯಿಲೆಯಲ್ಲಿ ಮೇಲಿನ ಕೋಣೆಗಳು ಸರಿಯಾಗಿ ಕುಗ್ಗುವುದಿಲ್ಲ, ನಿಮಿಷಕ್ಕೆ 350ಕ್ಕೂ ಹೆಚ್ಚು ಸಲ ಸುಮ್ಮನೆ ಅದುರುತ್ತವೆ. ಕೈಯ ನಾಡಿ ಹಿಡಿದು ನೋಡಿದರೆ ತಾಳ ತಪ್ಪಿದ ಚೆಂಡೆಯಂತೆ: ಒಂದು ಪೆಟ್ಟು ಬೇಗ, ಒಂದು ತಡ, ಒಂದು ಜೋರು, ಒಂದು ಮೆಲ್ಲಗೆ. ಅದುರುವ ಕೋಣೆಯ ಮೂಲೆಯಲ್ಲಿರುವ ಸಣ್ಣ ಚೀಲದಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಕಿತ್ತು ಮೆದುಳಿಗೆ ಹೋದರೆ ಲಕ್ವ. ಈ ಕಾಯಿಲೆ ಇರುವವರಲ್ಲಿ ಲಕ್ವದ ಅಪಾಯ ಸುಮಾರು ಐದು ಪಟ್ಟು. ತಲೆಸುತ್ತು ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಎಷ್ಟೋ ಜನರಿಗೆ ಏನೂ ಗೊತ್ತಾಗುವುದೇ ಇಲ್ಲ, ಲಕ್ವ ಹೊಡೆದ ದಿನವೇ ಮೊದಲ ಇಸಿಜಿ. ತಲೆಸುತ್ತು ಹೋದದ್ದು ವೇಗದ ಮಾತ್ರೆಯಿಂದ. ಹೆಪ್ಪು ತಡೆಯುವುದು ಇನ್ನೊಂದು ಮಾತ್ರೆ, ಅದು ಕೆಲಸ ಮಾಡುತ್ತಿದೆಯೆಂದು ನಿಮ್ಮ ಮೈಗೆ ತಿಳಿಯುವುದಿಲ್ಲ.

ತಲೆ ಸುತ್ತಿದಾಗ ಏನು ಮಾಡಬೇಕು? ಮೊದಲು ಕುಳಿತುಬಿಡಿ. ಲೋಕಲ್ ರೈಲಿನಲ್ಲಿದ್ದರೆ ಬಾಗಿಲಿನಿಂದ ಒಳಗೆ ಸರಿಯಿರಿ, ನಾಚದೆ ಸೀಟು ಕೇಳಿ. ಮುಂಬೈಯವರು ಕೊಡುತ್ತಾರೆ. ಮನೆಯಲ್ಲಾದರೆ ಮಲಗಿ, ಕಾಲಡಿ ದಿಂಬು ಇಡಿ. ಆಮೇಲೆ ಹೆಬ್ಬೆರಳಿನ ಬುಡದ ಹತ್ತಿರ ಮಣಿಕಟ್ಟಿನಲ್ಲಿ ಪೂರ್ತಿ ಒಂದು ನಿಮಿಷ ನಾಡಿ ಎಣಿಸಿ, ಬರೆದಿಡಿ. ಬಿಪಿ ಯಂತ್ರವಿದ್ದರೆ ಮೂರು ಸಲ ನೋಡಿ, ಬಡಿತ ಏರುಪೇರಾದಾಗ ಒಂದೇ ಸಲದ ಲೆಕ್ಕ ನಂಬುವಂತಿಲ್ಲ.

ಈ ಚೀಟಿ ಡಾಕ್ಟರಿಗೆ ಬಹಳ ಮುಖ್ಯ. ಏಕೆಂದರೆ ಬಡಿತ ಹೆಚ್ಚಾದರೂ ತಲೆ ಸುತ್ತುತ್ತದೆ, ಮಾತ್ರೆಯಿಂದ ತೀರಾ ಕಡಿಮೆಯಾದರೂ ಸುತ್ತುತ್ತದೆ. ಮೇ ತಿಂಗಳ ಬೆವರಿನಲ್ಲಿ ನೀರು ಕಡಿಮೆ ಕುಡಿದು, ಬಿಪಿ ಮಾತ್ರೆಯನ್ನೂ ನುಂಗಿದರೆ ಎದ್ದು ನಿಂತಾಗ ಸುತ್ತುತ್ತದೆ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಮಾತ್ರ ಕೋಣೆ ಗಿರ್ರನೆ ತಿರುಗಿದರೆ ಅದು ಹೆಚ್ಚಾಗಿ ಕಿವಿಯದ್ದು. ಒಂದೊಂದಕ್ಕೂ ಮದ್ದು ಬೇರೆ. ಪಕ್ಕದ ಮನೆಯವರ ತಲೆಸುತ್ತಿನ ಮಾತ್ರೆ ನಿಮಗೆ ಹೊಂದಬೇಕೆಂದಿಲ್ಲ.

ಹೆಪ್ಪು ತಡೆಯುವ ಮಾತ್ರೆಗಳಲ್ಲಿ ಹಳೆಯವು ವಾರ್ಫರಿನ್, ಅಸಿಟ್ರಾಮ್. ಇವಕ್ಕೆ ಐಎನ್‌ಆರ್ ರಕ್ತಪರೀಕ್ಷೆ ಬೇಕು. ಬಸಳೆ, ಹರಿವೆ, ನುಗ್ಗೆಸೊಪ್ಪು ಬಿಡಬೇಕಾಗಿಲ್ಲ, ಪ್ರತಿ ವಾರ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ತಿನ್ನಿ. ಅಪಿಕ್ಸಬಾನ್, ಡಾಬಿಗಾಟ್ರಾನ್‌ನಂಥ ಹೊಸವಕ್ಕೆ ಈ ಪರೀಕ್ಷೆ ಬೇಡ, ಆದರೆ ಒಂದು ದಿನ ತಪ್ಪಿದರೂ ರಕ್ಷಣೆ ಹೋಯಿತು. ಚಿಕ್ಕಂದಿನ ಕೀಲುಜ್ವರದಿಂದ ಮೈಟ್ರಲ್ ಕವಾಟ ಕಿರಿದಾದವರಿಗೆ ಮತ್ತು ಲೋಹದ ಕವಾಟ ಹಾಕಿಸಿಕೊಂಡವರಿಗೆ ಹಳೆಯ ಮಾತ್ರೆಯೇ ಸರಿ. ಆಸ್ಪಿರಿನ್ ಇವುಗಳ ಬದಲಿ ಅಲ್ಲ. ಮೊಣಕಾಲು ನೋವಿಗೆ ಮೆಡಿಕಲ್‌ನಲ್ಲಿ ಕೇಳಿ ನೋವಿನ ಮಾತ್ರೆ ನುಂಗಬೇಡಿ, ರಕ್ತಸ್ರಾವವಾಗಬಹುದು. ತಲೆ ಸುತ್ತಿ ಬಿದ್ದು ತಲೆಗೆ ಪೆಟ್ಟಾದರೆ, ಚೆನ್ನಾಗಿಯೇ ಇದ್ದೇನೆ ಅನ್ನಿಸಿದರೂ ಆಸ್ಪತ್ರೆಗೆ ಹೋಗಿ ತೋರಿಸಿ.

ಊರಿಗೆ ಹೊರಟಿರಾ? ಮತ್ಸ್ಯಗಂಧ ಹತ್ತುವ ಮುನ್ನ ಮಾತ್ರೆ ಕೈಚೀಲದಲ್ಲಿರಲಿ, ಸೀಟಿನಡಿಯ ಸೂಟ್‌ಕೇಸಿನಲ್ಲಲ್ಲ. ಹತ್ತು ದಿನದ್ದು ಹೆಚ್ಚಿಗೆ ಒಯ್ಯಿರಿ. ಚೀಟಿಯ ಫೋಟೋ ಮೊಬೈಲಿನಲ್ಲಿರಲಿ.

ಊರಲ್ಲಿ ಒಬ್ಬರೇ ಇರುವ ಅಮ್ಮನಿಗೆ ಈ ಕಾಯಿಲೆ ಇದ್ದರೆ, ಫೋನಿನಲ್ಲಿ "ಮಾತ್ರೆ ತಗೊಂಡ್ರಾ ಅಮ್ಮ?" ಎಂದು ಕೇಳಬೇಡಿ. "ಹೂಂ ಮಗಾ" ಎನ್ನುತ್ತಾರೆ. ನನ್ನ ಅಮ್ಮನೂ ಹಾಗೆಯೇ. "ಸ್ಟ್ರಿಪ್ಪಿನಲ್ಲಿ ಎಷ್ಟು ಉಳಿದಿದೆ, ಎಣಿಸಿ ಹೇಳಿ" ಎನ್ನಿ.

ಎದೆನೋವು, ಏದುಸಿರು, ಪ್ರಜ್ಞೆ ತಪ್ಪುವುದು ಇದ್ದರೆ ಕಾಯಬೇಡಿ. ಬಾಯಿ ಒಂದು ಬದಿಗೆ ವಾಲಿದರೆ, ಒಂದು ಕೈ ಸೋತರೆ, ಮಾತು ತೊದಲಿದರೆ 108ಕ್ಕೆ ಫೋನ್ ಮಾಡಿ, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಿ. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಇರುವುದು ನಾಲ್ಕೂವರೆ ಗಂಟೆ ಮಾತ್ರ. ಕೊನೆಯ ಮಾತ್ರೆ ಯಾವಾಗ ತಗೊಂಡರು ಎಂದು ಅಲ್ಲಿ ಖಂಡಿತ ಕೇಳುತ್ತಾರೆ. ಅದಕ್ಕೇ ಫ್ರಿಜ್ಜಿನ ಬಾಗಿಲಿಗೆ ಒಂದು ಕ್ಯಾಲೆಂಡರ್ ಅಂಟಿಸಿ, ನುಂಗಿದ ಕೂಡಲೇ ಸಮಯ ಬರೆಯಿರಿ.